ಜೋಡಿ ಹಾರ್ನಿನ ಶ್ರುತಿ

ನನ್ನ ಹಳೇ ಅಂಬಾಸಿಡರ್ ಕಾರಿಗೆ ಎರಡು ಹಾರ್ನು. ಒಂದು ದಪ್ಪ ದನಿಯದು, ಇನ್ನೊಂದು ಸಣ್ಣ ದನಿಯದು. ಸ್ಟಿಯರಿಂಗ್ ಮೇಲಿನ ಬಳೆ ಒತ್ತಿದರೆ ಎರಡೂ ಒಟ್ಟಿಗೆ ಕೂಗಬೇಕು, ಕೇಳುವವರಿಗೆ ಕೂಗಿದ್ದು ಇಬ್ಬರೆಂದು ಗೊತ್ತಾಗಬಾರದು. ಈಗಿನ ಕಾರಿನವರಿಗೆ ಇದೆಲ್ಲ ಹುಚ್ಚಾಟ. ಕೆಟ್ಟರೆ ಬಿಸಾಕಿ, ಮೊಬೈಲಿನಲ್ಲಿ ಒತ್ತಿದರೆ ಹೊಸದು ಮನೆಬಾಗಿಲಿಗೇ ಬರುತ್ತದಲ್ಲ ಎಂದು ಪಿರಿಯಾಪಟ್ಟಣದ ನನ್ನ ಗೊಬ್ಬರದಂಗಡಿಗೆ ಬರುವ ಗಿರಾಕಿಗಳು ನನಗೇ ಬುದ್ಧಿ ಹೇಳುತ್ತಾರೆ. ಹಳೇ ಕಾರಿಗೆ ಹೊಸ ಹಾರ್ನು ಹಾಕಿದರೆ ಅಜ್ಜನ ಬಾಯಲ್ಲಿ ಮೊಮ್ಮಗ ಮಾತಾಡಿದ ಹಾಗಿರುತ್ತದೆ. ಅದು ನನಗೆ ಬೇಡ.

ಈ ಹಾರ್ನುಗಳನ್ನು ಸರಿಮಾಡುತ್ತಿದ್ದವರು ಹುಣಸೂರಿನ ಒಬ್ಬ ಸಾಬರು. ಗಲ್ಲಿಯೊಂದರ ಕೊನೆಯಲ್ಲಿ ಅವರದೂ ಅವರ ತಮ್ಮನದೂ ಸೇರಿ ಒಂದೇ ಅಂಗಡಿ. ತಮ್ಮನದು ಡೈನಮೋ, ಸೆಲ್ಫ್ ಮೋಟರ್ ಕೆಲಸ, ಅಣ್ಣನದು ಹಾರ್ನು. ಎಚ್.ಡಿ. ಕೋಟೆಯ ಜೀಪಿನವರು, ಕೊಡಗಿನ ಎಸ್ಟೇಟಿನವರು, ಹಳೇ ಲಾರಿಯವರು ಎಲ್ಲ ಕೇಳಿಕೊಂಡು ಬರುತ್ತಿದ್ದರು. ಅಣ್ಣತಮ್ಮಂದಿರು ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ ಬಳಸುತ್ತಿದ್ದರು. ಸಾಬರಿಗೆ ವಿನಯ ಎನ್ನುವುದು ಹತ್ತಿರ ಸುಳಿದದ್ದಿಲ್ಲ. "ಮೈಸೂರ್‌ಗಂಟ ಹುಡುಕ್ಕಂಡ್ ಹೋಗಿ. ನನ್ನಂಗೆ ಹಾರ್ನ್ ಕೂಡ್ಸೋನು ಸಿಕ್ಕುದ್ರೆ ಅಂಗ್ಡಿ ಬೀಗ್ದ ಕೈ ಅವ್ನ ಕೈಗೇ ಕೊಟ್ಬುಡ್ತೀನಿ" ಎನ್ನುತ್ತಿದ್ದರು. ಹಾಗೆ ಹೇಳುವ ಯೋಗ್ಯತೆಯೂ ಇತ್ತು.

ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ನಾನು ಕಾರು ತೆಗೆದುಕೊಂಡು ಹೋಗುತ್ತಿದ್ದೆ. ಥಂಡಿಗೆ ಹಾರ್ನಿನ ಒಳಗಿನ ಪಾಯಿಂಟುಗಳು ಕಿಲುಬು ಹಿಡಿದು ಗಂಟಲು ಕಟ್ಟಿರುತ್ತಿತ್ತು. ಸಾಬರು ಎರಡನ್ನೂ ಬಿಚ್ಚಿ, ಪಾಯಿಂಟನ್ನು ನುಣುಪು ಉಪ್ಪುಕಾಗದದಲ್ಲಿ ಉಜ್ಜಿ, ಒಳಗಿನ ತಗಡನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಮುಚ್ಚಿ ಕಾರಿಗೆ ಕೂರಿಸುತ್ತಿದ್ದರು. ನಿಜವಾದ ಕೆಲಸ ಆಮೇಲಿನದು. ಒಂದರ ವೈರು ಕಿತ್ತಿಟ್ಟು, ಇನ್ನೊಂದರ ಬೆನ್ನಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವುದು. "ಒತ್ತಿ" ಎಂದರೆ ನಾನು ಬಳೆ ಒತ್ತಬೇಕು, "ಬುಡಿ" ಎಂದರೆ ಬಿಡಬೇಕು. ದಪ್ಪ ದನಿಯದು ಗಂಡು, ಸಣ್ಣ ದನಿಯದು ಹೆಣ್ಣು. "ಮೊದ್ಲು ಗಂಡು ಸರಿ ಮಾಡ್ಬೇಕು, ಆಮ್ಯಾಕೆ ಅದ್ರ ಮಾತ್ಗೆ ಹೆಣ್ಣು ಕೂಡ್ಬೇಕು. ನಮ್ ಮನೇಲಿ ಮಾತ್ರ ಉಲ್ಟಾ" ಎಂದು ನಗುತ್ತಿದ್ದರು. ಜೋಡಿ ಕೂಡಿತೆನ್ನಿಸಿದಾಗ ಎರಡು ಸ್ಕ್ರೂಗಳ ನೆತ್ತಿಗೂ ಒಂದೊಂದು ತೊಟ್ಟು ಕೆಂಪು ಉಗುರು ಬಣ್ಣ. ಅದು ಅವರ ಸೀಲು. ಆ ಬಣ್ಣ ಒಡೆದು ಬೇರೆ ಯಾರಾದರೂ ಕೈಹಾಕಿದ್ದರೆ ಆ ಹಾರ್ನನ್ನು ಅವರು ಮತ್ತೆ ಮುಟ್ಟುತ್ತಿರಲಿಲ್ಲ, ದುಪ್ಪಟ್ಟು ಕೊಟ್ಟರೂ.

ನಾನು ನಮ್ಮೂರ ಗುಡಿಯ ಸೋಮವಾರದ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವವನು. ಹಾಡುವವರ ಶ್ರುತಿ ಸ್ವಲ್ಪ ಜಾರಿದರೂ ನನ್ನ ಮುಖ ಹುಳ್ಳಗಾಗುತ್ತದೆಂದು ಭಜನೆಯವರೇ ಆಡಿಕೊಳ್ಳುತ್ತಾರೆ. ಇದು ಸಾಬರಿಗೆ ಹೇಗೋ ಗೊತ್ತಾಗಿತ್ತು. ಅಂದಿನಿಂದ ನನ್ನ ಕಾರು ಮುಗಿದ ಕೂಡಲೇ ತಲೆ ಓರೆ ಮಾಡಿ ನಿಂತು "ಎಂಗದೆ ಸಾವ್ಕಾರ್ರೆ?" ಎಂದು ಕೇಳುವರು. ನಾನು ಕಣ್ಣುಮುಚ್ಚಿ, ತಲೆಯಾಡಿಸಿ, "ಬರಾಬರ್" ಎನ್ನಬೇಕು. ಅಲ್ಲಿ ಕೂತ ಗಿರಾಕಿಗಳಿಗೆಲ್ಲ ಕೇಳುವಂತೆ "ಸಾವ್ಕಾರ್ರ ಕಿವಿ ಪಾಸ್ ಮಾಡ್ತು ಅಂದ್ರೆ ಮುಗೀತು" ಎನ್ನುವರು. ಸುಳ್ಳೇಕೆ ಹೇಳಲಿ, ಆ ಮಾತು ನನಗೆ ಬೆಲ್ಲದಷ್ಟು ರುಚಿಸುತ್ತಿತ್ತು. ಊರಲ್ಲಿ ಗೊಬ್ಬರ ಮಾರುವವನ ಕಿವಿಯನ್ನು ಯಾರು ಹೊಗಳುತ್ತಾರೆ?

ಹೊಸ ಅಗ್ರಹಾರದಲ್ಲಿ ನಮ್ಮ ನೆಂಟರ ಮದುವೆ ಬಂತು. ಗಂಡನ್ನು ಕರೆದೊಯ್ಯುವುದು ನನ್ನ ಕಾರಿನಲ್ಲಿ. ನಮ್ಮ ನೆಂಟರಲ್ಲಿ ಒಂದು ರೂಢಿಯಿದೆ: ಗಂಡಿನ ಕಾರು ಊರ ಬಾಗಿಲಲ್ಲಿ ನಿಂತು ಹಾರ್ನ್ ಮಾಡಬೇಕು, ಅದನ್ನು ಕೇಳಿದ ಮೇಲೆಯೇ ಹೆಣ್ಣಿನವರು ಆರತಿ ತಟ್ಟೆ ಹಿಡಿದು ಎದುರುಗೊಳ್ಳಲು ಹೊರಡುವುದು. ಅದಕ್ಕೆಂದೇ ಆ ವಾರ ಸಾಬರ ಹತ್ತಿರ ಹಾರ್ನು ಕೂಡಿಸಿಕೊಂಡು ಬಂದಿದ್ದೆ. ಅಂಗಡಿಯಲ್ಲಿ ಒತ್ತಿದಾಗಲೇ ಕಿವಿಗೆ ಏನೋ ಚುಚ್ಚಿತ್ತು. ಪಕ್ಕದಲ್ಲಿ ವೆಲ್ಡಿಂಗ್ ನಡೆಯುತ್ತಿತ್ತು, ಮನೆಯಿಂದ ಫೋನಿನ ಮೇಲೆ ಫೋನು, ನಾನು ರೂಢಿಯ ಬರಾಬರ್ ಹೇಳಿ ಹೊರಟಿದ್ದೆ.

ಊರ ಬಾಗಿಲಲ್ಲಿ ಬಳೆ ಒತ್ತಿದೆ. ಗಂಡು ಹಾರ್ನು ತನ್ನ ಪಾಡಿಗೆ ಸರಿಯಾಗಿ ಕೂಗಿತು. ಹೆಣ್ಣು ಹಾರ್ನು ಅದನ್ನು ಬಿಟ್ಟು ಮೇಲಕ್ಕೇರಿ, ಒಡೆದು, ಕಿರುಚಿತು. ಆರತಿ ತಟ್ಟೆ ಹಿಡಿದ ಮುದುಕಿಯೊಬ್ಬಳು ನಿಂತಲ್ಲೇ ಬೆಚ್ಚಿ, "ಅದ್ಯಾಕ್ಲಾ ಅಂಗ್ ಕಿರುಚ್ಕತದೆ ಕಾರು? ಯಾರಾರ ಬಾಲ ತುಳುದ್ರಾ?" ಎಂದಳು. ಪೇಟ ಕಟ್ಟಿಕೊಂಡ ಗಂಡೂ ಸೇರಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಸಾಬರು ಈಚೆಗೆ ಪ್ರತಿ ಮಾತನ್ನೂ ಎರಡೆರಡು ಸಲ ಹೇಳಿಸಿಕೊಳ್ಳುತ್ತಿದ್ದುದು, ಎದುರಿನವರ ತುಟಿಯನ್ನೇ ನೋಡುತ್ತಿದ್ದುದು ಎಲ್ಲ ಒಟ್ಟಿಗೆ ನೆನಪಾಯಿತು. ಅವರಿಗೆ ಸಣ್ಣ ದನಿ ಮಂಕಾಗಿ ಕೇಳುತ್ತಿದೆ, ಅದಕ್ಕೇ ಸ್ಕ್ರೂ ತಿರುಗಿಸುತ್ತಲೇ ಹೋಗಿದ್ದಾರೆ. ಹಾರ್ನಿನ ಬಾಯಿಗೆ ಕಿವಿಯಿಟ್ಟು ಬದುಕಿದ ಮನುಷ್ಯನ ಕಿವಿ ಹೋಗುತ್ತಿತ್ತು.

ಹೇಳಿಬಿಡಬೇಕೆಂದೇ ಹುಣಸೂರಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಯಾರಿಗೂ ನೋವಾಗದಂಥ ಮಾತು. ಅಂಗಡಿ ಮುಂದೆ ಕಾರು ನಿಲ್ಲಿಸಿದರೆ ಒಳಗೆ ಅಣ್ಣತಮ್ಮಂದಿರ ಜಗಳ. ಕೋಟೆಯ ಜೀಪಿನವನೊಬ್ಬ ಹಾರ್ನು ವಾಪಸು ತಂದು ಬೈದು ಹೋಗಿದ್ದನಂತೆ.

"ಅಣ್ಣಾ, ನಿಂಗೆ ಕಿವಿ ಮಂದ ಆಗೈತೆ. ಮೈಸೂರ್‌ಗೆ ಹೋಗಿ ಡಾಕ್ಟ್ರಿಗೆ ತೋರಿಸ್ಕ. ಅಲ್ಲೀಗಂಟ ಹಾರ್ನ್ ಕೆಲ್ಸ ನಾನ್ ನೋಡ್ಕತೀನಿ" ಎನ್ನುತ್ತಿದ್ದ ತಮ್ಮ.

"ನನ್ ಕೆಲ್ಸದ ಮ್ಯಾಲೆ ಕಣ್ಣು ನಿಂಗೆ! ಕಿವಿ ಮಂದ ಅಂತ ಗಲ್ಲೀಲೆಲ್ಲ ಸಾರ್ಕಂಡ್ ಬಾ, ಹೋಗು" ಎಂದು ಅಣ್ಣ ಕೂಗಿದರು. ಅಷ್ಟರಲ್ಲಿ ನನ್ನನ್ನು ಕಂಡರು. ಬಂದು ಕೈಹಿಡಿದು ಎಳೆದುಕೊಂಡೇ ಹೋದರು. "ಇವ್ರ್ ಹೇಳ್ಲಿ. ಹೋದ್ ವಾರ ಇವ್ರ್ ಕಾರ್ ಮಾಡಿವ್ನಿ. ಇವ್ರ್ ಹೇಳಿದ್ದು ಕೊನೆ ಮಾತು."

ತಮ್ಮನೂ ನನ್ನ ಮುಂದೆ ಬಂದು ನಿಂತ. "ದೇವ್ರು ಕಳ್ಸಿದಂಗೆ ಬಂದ್ರಿ ಸಾವ್ಕಾರ್ರೆ. ನಿಜ ಹೇಳ್ಬುಡಿ. ನಮ್ ಅಣ್ಣ ಬೇರೆ ಯಾರ್ ಮಾತೂ ಕೇಳಾಕಿಲ್ಲ."

ಸಾಬರು ಕಿಟಕಿಯಿಂದ ಕೈ ಒಳಹಾಕಿ ಬಳೆ ಒತ್ತಿದರು. ಹಾರ್ನು ಹೊಸ ಅಗ್ರಹಾರದಲ್ಲಿ ಕಿರುಚಿದ ಹಾಗೇ ಕಿರುಚಿತು. ಬೀಡಿ ಸೇದುತ್ತ ಕೂತಿದ್ದ ಗಿರಾಕಿಯೊಬ್ಬ ಕಿವಿಗೆ ಬೆರಳಿಟ್ಟುಕೊಂಡ. ಸಾಬರು ತಲೆ ಓರೆ ಮಾಡಿ ನನ್ನನ್ನು ನೋಡಿದರು. ಆ ನೋಟದಲ್ಲಿ ಜಂಬ ಎಳ್ಳಷ್ಟೂ ಇರಲಿಲ್ಲ. ಹೆದರಿದ್ದರು. ಆ ಮುಖದ ಎದುರು ನನ್ನ ಜೋಡಿಸಿಟ್ಟ ಮಾತೆಲ್ಲ ಹಾರಿಹೋಯಿತು.

"ಬರಾಬರ್ ಆಗೈತೆ ಸಾಬ್ರೆ" ಎಂದೆ. "ಶ್ರುತಿ ಕೂಡೈತೆ."

ಕೈಯಲ್ಲಿದ್ದ ಸ್ಪಾನರನ್ನು ಮೆಲ್ಲಗೆ ಹಲಗೆಯ ಮೇಲಿಟ್ಟು ತಮ್ಮ ನನ್ನನ್ನು ಒಮ್ಮೆ ನೋಡಿದ. ನಾನು ಸುಳ್ಳು ಹೇಳಿದೆನೆಂದು ಅವನಿಗೆ ಗೊತ್ತಿತ್ತು, ಅವನಿಗೆ ಗೊತ್ತೆಂದು ನನಗೂ ಗೊತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಅವನು ಕೆ.ಆರ್. ನಗರದಲ್ಲಿ ಬೇರೆ ಅಂಗಡಿ ಹಾಕಿಕೊಂಡನೆಂದು ಸುದ್ದಿ ಬಂತು.

ಮನೆಗೆ ಬಂದವನೇ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹೆಣ್ಣು ಹಾರ್ನಿನ ಸೀಲು ಒಡೆದೆ. ಸ್ಕ್ರೂವನ್ನು ಹಿಂದಕ್ಕೆ, ಮತ್ತೆ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಹೆಂಡತಿಯ ಕೈಯಲ್ಲಿ ಬಳೆ ಒತ್ತಿಸಿದೆ. ಶ್ರುತಿ ಸಲೀಸಾಗಿ ಕೂಡಿತು. ಅವಳಿಗೆ ಎಲ್ಲವನ್ನೂ ಹೇಳಿದ್ದೆ. ಕಾರಿನಿಂದ ಇಳಿದು ಸೆರಗು ಕೊಡವಿಕೊಂಡು, "ಆ ಮನುಷ್ಯನ ಮುಂದೆ ಹೇಳಾಕೆ ಬಾಯಿಲ್ಲ, ಹಿಂದೆ ಸ್ಕ್ರೂ ತಿರುಗ್ಸಾಕೆ ಕೈ ಐತಾ ನಿಮ್ಗೆ?" ಎಂದಳು.

"ಪಾಪ, ವಯಸ್ಸಾದೋರು. ನೋವಾಗ್ತದೆ ಕಣೆ" ಎಂದೆ.

"ನೋವು ಅವ್ರಿಗಲ್ಲ, ನಿಮ್ಗೆ. ಹೇಳ್ಬುಟ್ರೆ ಆಮ್ಯಾಕೆ ನಿಮ್ಮನ್ನ ಸಂಗೀತಗಾರ ಅನ್ನೋರು ಯಾರು?"

ಆ ಮಾತು ಸರಿಯಾಗಿಯೇ ನಾಟಿತು. ಅದಕ್ಕೇ ರೇಗಿದೆ.

ಸೀಲು ಒಡೆದಾಯಿತು, ಮತ್ತೆ ಹಾಕಬೇಕಲ್ಲ. ನನ್ನವಳು ಉಗುರಿಗೆ ಬಣ್ಣ ಹಚ್ಚುವವಳಲ್ಲ. ನಮ್ಮ ಪೇಟೆಯಲ್ಲಿ ಕೊಂಡರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಬೈಲಕುಪ್ಪೆಗೆ ಹೋಗಿ ಒಂದು ಫ್ಯಾನ್ಸಿ ಅಂಗಡಿ ಹೊಕ್ಕೆ. ಅಂಗಡಿಯ ಟಿಬೆಟಿನ ಹೆಂಗಸು ನನಗಿಂತ ಸ್ಪಷ್ಟವಾದ ಕನ್ನಡದಲ್ಲಿ, "ಮೇಡಂ ಕೈ ಬಿಳಿ ಬಣ್ಣವಾ, ಗೋಧಿ ಬಣ್ಣವಾ ಸಾರ್?" ಎಂದು ಕೇಳಿದಳು. ಕಪ್ಪು ಎಂದೆ, ಹಾರ್ನನ್ನು ನೆನೆಸಿಕೊಂಡು. ಆಕೆ ನಸುನಕ್ಕು ಬೇರೆ ಬಾಟಲಿಗಳನ್ನು ತೆಗೆಯಹೋದಳು. ನಾನು ಬೇಡವೆಂದು, ಸಾಬರ ಕೆಂಪಿಗೆ ಸರಿಹೊಂದುವ ಬಾಟಲಿಯನ್ನೇ ಆರಿಸಿ ಜೇಬಿಗಿಳಿಸಿದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ, ಊರು ಸೇರುವವರೆಗೆ ಆ ಜೇಬನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ.

ಆಮೇಲೆ ಎಷ್ಟೋ ವರ್ಷ ಇದೇ ನಡೆಯಿತು. ಮಳೆ ನಿಂತ ಮೇಲೆ ಹುಣಸೂರಿಗೆ ಹೋಗುವುದು, ಸಾಬರು ಕಿರುಚುವಂತೆ ಕೂಡಿಸುವುದು, ನಾನು ಕಣ್ಣುಮುಚ್ಚಿ ಬರಾಬರ್ ಎನ್ನುವುದು, ಮನೆಗೆ ಬಂದು ಬಿಚ್ಚಿ ಸರಿಮಾಡಿ ಬಣ್ಣದ ತೊಟ್ಟಿಡುವುದು. ಸಾಬರ ಕಣ್ಣೂ ಮೊದಲಿನಷ್ಟು ಚುರುಕಾಗಿರಲಿಲ್ಲ, ನನ್ನ ಕೆಂಪಿಗೂ ಅವರ ಕೆಂಪಿಗೂ ವ್ಯತ್ಯಾಸ ಕಾಣಲಿಲ್ಲ. ಹೋಗುವುದನ್ನೇ ನಿಲ್ಲಿಸಬಹುದಿತ್ತು. ನಾನೂ ನಿಲ್ಲಿಸಿದರೆ ಅವರಿಗೆ ಇನ್ನಾರು ಗತಿ ಎಂದು ನನಗೆ ನಾನೇ ಹೇಳಿಕೊಂಡೆ. ಅಂಗಡಿಯಲ್ಲಿ ತಮ್ಮ ಕೂರುತ್ತಿದ್ದ ಮೂಲೆ ಖಾಲಿಯಿತ್ತು. ಗಿರಾಕಿಗಳು ಒಬ್ಬೊಬ್ಬರೇ ಕಡಿಮೆಯಾದರು. "ಜನಕ್ಕೆ ಕಿವಿ ಇಲ್ಲ ಸಾವ್ಕಾರ್ರೆ. ನನ್ ತಮ್ಮಂಗೂ ಇರ್ಲಿಲ್ಲ. ನಿಮ್ಗೊಬ್ರಿಗೇ ಇರಾದು" ಎನ್ನುತ್ತ ನನಗೆ ಚಹಾ ತರಿಸುವರು.

ಒಮ್ಮೆ ಅವರ ಹೆಂಡತಿ ಮಧ್ಯಾಹ್ನದ ಬುತ್ತಿ ತಂದವರು, ಗಂಡ ಒಳಗೆ ಹೋದ ಸಮಯ ನೋಡಿ ನನ್ನೊಂದಿಗೆ ಮಾತಾಡಿದರು. "ಮೈಸೂರ್‌ಗೆ ಕಿವಿ ತೋರ್ಸಾಕೆ ಬನ್ನಿ ಅಂದ್ರೆ ನಿಮ್ ಹೆಸ್ರು ಹೇಳ್ತಾರೆ. ಸಾವ್ಕಾರ್ರೇ ಸರಿಯಾಗೈತೆ ಅಂದ್ಮ್ಯಾಕೆ ಡಾಕ್ಟ್ರು ಏನ್ ಹೇಳ್ತಾನೆ ಅಂತಾರೆ. ನೀವಾರ ಒಂದ್ ಮಾತ್ ಹೇಳಿ." ನಾನು ಆಗಲಿ ತಾಯಿ ಎಂದೆ. ಸಾಬರು ಒಳಗಿಂದ ಬಂದಾಗ ಮಳೆಬೆಳೆಯ ಮಾತಾಡಿ ಎದ್ದು ಬಂದೆ. ಅಂದು ರಾತ್ರಿ ಹೆಂಡತಿಗೂ ಇದನ್ನು ಹೇಳಲಿಲ್ಲ. ಹೇಳಿದ್ದರೆ ಅವಳು ಏನೆನ್ನುತ್ತಿದ್ದಳೆಂದು ಗೊತ್ತಿತ್ತು, ಅವಳೆನ್ನುವುದೇ ಸರಿ ಎಂದೂ ಗೊತ್ತಿತ್ತು.

ಹೋದ ಕಾರ್ತಿಕದಲ್ಲಿ ಎಂದಿನಂತೆ ಕಾರು ತೆಗೆದುಕೊಂಡು ಹೋದೆ. ಗಲ್ಲಿಯಲ್ಲಿ ಇನ್ನೊಂದು ಹಳೇ ಕಾರು ನಿಂತಿತ್ತು. ಕೊಡಗಿನ ಕಡೆಯ ಎಸ್ಟೇಟಿನವರೊಬ್ಬರು ಹಿಂದಿನ ದಿನವಷ್ಟೇ ಹಾರ್ನು ಕೂಡಿಸಿಕೊಂಡು ಹೋದವರು, ಸಿಟ್ಟಿನಿಂದ ವಾಪಸು ಬಂದಿದ್ದರು. "ಇದು ಹಾರ್ನಾ? ತೋಟದ ನಾಯಿಗಳೆಲ್ಲ ಊಳಿಡುತ್ತವೆ!" ಎಂದು ಕೂಗಾಡುತ್ತಿದ್ದರು.

ಸಾಬರ ಮುಖ ನನ್ನನ್ನು ಕಂಡು ಅರಳಿತು. "ನನ್ ಕೈ ತಪ್ಪಾಕಿಲ್ಲ ಸಾರ್. ಇಗೋ, ಈ ಕಾರ್ ಹಾರ್ನ್ ಕೇಳಿ. ಇದೂ ನಂದೇ ಕೈ. ಒತ್ತಿ ಸಾವ್ಕಾರ್ರೆ!"

ಒತ್ತದೆ ಏನು ಮಾಡಲಿ, ಒತ್ತಿದೆ. ಮಳೆಗಾಲ ಕಳೆದಿದ್ದರಿಂದ ದನಿ ಸ್ವಲ್ಪ ಕಟ್ಟಿತ್ತು, ಆದರೂ ಜೋಡಿ ಸೊಗಸಾಗಿ ಕೂಡಿತ್ತು. ಎಸ್ಟೇಟಿನವರು ತಣ್ಣಗಾದರು. "ಇದು ಚೆನ್ನಾಗಿ ಉಂಟು. ಹಾಗಾದ್ರೆ ನಂದು ಯಾಕೆ ಹೀಗೆ?"

ಸಾಬರು ಹೇಳಲು ಬಾಯಿ ತೆರೆದವರು ನಿಂತುಬಿಟ್ಟರು. ಎರಡೂ ಕಾರಿನ ಬಾನೆಟ್ ಎತ್ತಿಸಿದರು. ಮೂತಿಗೆ ಮೂತಿ ತಾಗುವಂತೆ ನಿಂತಿದ್ದ ಕಾರುಗಳ ನಡುವೆ ತೂರಿಕೊಂಡು, ಒಂದು ಅಂಗೈಯನ್ನು ಎಸ್ಟೇಟಿನವರ ಹೆಣ್ಣು ಹಾರ್ನಿನ ಮೇಲೂ ಇನ್ನೊಂದನ್ನು ನನ್ನದರ ಮೇಲೂ ಇಟ್ಟು, ಇಬ್ಬರಿಗೂ ಒತ್ತಲು ಹೇಳಿದರು. ಒಂದು ಕಾರು ಕೂಗಿತು, ಒಂದು ಕಿರುಚಿತು. ಕೈ ತೆಗೆಯಲಿಲ್ಲ. ಮತ್ತೊಮ್ಮೆ ಒತ್ತಲು ಹೇಳಿದರು. ಕಿವಿ ಕೈಕೊಟ್ಟರೂ ಸರಿಯಾಗಿ ಕೂಡಿದ ಹಾರ್ನಿನ ಅದುರು ಅಂಗೈಗೆ ನೆನಪಿತ್ತು; ನನ್ನದರಲ್ಲಿ ಅದಿತ್ತು, ಹಿಂದಿನ ದಿನ ತಾವೇ ಕೂಡಿಸಿದ್ದರಲ್ಲಿ ಇರಲಿಲ್ಲ. ಅವರು ನನ್ನ ಹಾರ್ನಿನ ಸ್ಕ್ರೂ ಮೇಲಿನ ಬಣ್ಣವನ್ನು ಹೆಬ್ಬೆರಳಲ್ಲಿ ಸವರಿದರು. ಆಮೇಲೆ ಎತ್ತಿದ ಬಾನೆಟ್ಟಿನ ಪಕ್ಕದಿಂದ ಬಾಗಿ ನನ್ನ ಮುಖ ನೋಡಿದರು.

"ಇದು ನನ್ ಕೈ ಅಲ್ಲ" ಎಂದರು.

ಎಸ್ಟೇಟಿನವರಿಗೆ ಅರ್ಥವಾಗಲಿಲ್ಲ. ಸಾಬರು ಅವರ ಕಡೆ ತಿರುಗಿ, "ನಿಮ್ ಹಾರ್ನ್ ಕೆಡ್ಸಿದ್ದು ನಾನೇ ಸಾರ್. ಬ್ಯಾರೆ ಕಡೆ ತೋರಿಸ್ಕಳಿ" ಎಂದು ಕೈಮುಗಿದು ಕಳಿಸಿದರು. ನನ್ನ ಮೇಲೆ ಕೂಗಾಡುವರೆಂದು ಕಾದು ನಿಂತೆ. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಅಂಗಡಿಯ ಬಾಗಿಲೆಳೆದು ಬೀಗ ಹಾಕಿ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತರು. "ಕೆ.ಆರ್. ನಗರಕ್ಕೆ ಬುಡಿ" ಎಂದರು.

ಊರು ದಾಟಿದ ಮೇಲೆ ಸೊಪ್ಪು ಒಣಗಿಸುವ ಬ್ಯಾರನ್‌ಗಳಲ್ಲಿ ಬೇಯುವ ಹೊಗೆಸೊಪ್ಪಿನ ವಾಸನೆ ಕಾರಿನೊಳಗೆಲ್ಲ ತುಂಬಿತು. ಇಬ್ಬರೂ ಕಿಟಕಿ ಏರಿಸಲಿಲ್ಲ. ಸಾಬರು ರಸ್ತೆ ನೋಡುತ್ತಲೇ ಕೇಳಿದರು. "ಯಾವಾಗಿಂದ?"

"ಹೊಸ ಅಗ್ರಹಾರದ ಮದ್ವೆಯಿಂದ" ಎಂದೆ. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಜೋರಾಗಿ ಹೇಳಿದೆ.

"ಅಂದ್ರೆ ನನ್ ತಮ್ಮ ಅವತ್ತು ನಿಜ ಹೇಳಿದ್ದ."

"ತಪ್ಪಾಯ್ತು ಸಾಬ್ರೆ. ನಿಮ್ಗೆ ನೋವಾಗ್ಬಾರ್ದು ಅಂತ—"

ಅವರು ಅಂಗೈ ಎತ್ತಿ ನನ್ನ ಮಾತನ್ನು ತಡೆದರು. "ಮನೇಲಿ ಹೇಳುದ್ರು, ತಮ್ಮ ಹೇಳ್ದ, ಕೋಟೆಯೋನು ಹೇಳ್ದ. ಎಲ್ರೂ ಸುಳ್ಳು, ನೀವೊಬ್ರೇ ನಿಜ ಅನ್ಕಂಡೆ. ನನ್ ತಮ್ಮನ್ನೇ ಕಳ್ಳ ಅಂದ್ಬುಟ್ಟಿದೀನಿ ಸಾವ್ಕಾರ್ರೆ. ನನ್ ಕೆಲ್ಸ ಕದಿಯಾಕೆ ಬಂದೋನು ಅಂದಿದೀನಿ. ಅವ್ನ ಮಗಳ್ ಮದ್ವೆಗೂ ಹೋಗ್ಲಿಲ್ಲ ನಾನು."

ನಾನು ಕಾರು ಓಡಿಸಿದೆ. ಕೆ.ಆರ್. ನಗರದ ಕಡೆಯ ಗದ್ದೆಗಳಲ್ಲಿ ಭತ್ತ ಹಳದಿಗೆ ತಿರುಗಿತ್ತು. ಒಳ್ಳೆಯವನು ಅನ್ನಿಸಿಕೊಳ್ಳುವ ಚಪಲಕ್ಕೆ ಒಂದು ಮನೆ ಒಡೆದೆನಲ್ಲ ಎಂದುಕೊಂಡೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು, ಅಲ್ಲಿ ಹೋಗಿ ಆ ತಮ್ಮನ ಮುಖವನ್ನು ಹೇಗೆ ನೋಡಲಿ ಎಂದು.

ತಮ್ಮನ ಅಂಗಡಿ ಪೇಟೆಬೀದಿಯಲ್ಲಿ, ಚಹಾದಂಗಡಿಯ ಪಕ್ಕಕ್ಕೆ. ಕಾರು ನಿಂತ ಕೂಡಲೇ ಸಾಬರು ಕೈ ಚಾಚಿ ತಾವೇ ಬಳೆ ಒತ್ತಿದರು. ಕೈಗೆ ಮೆತ್ತಿದ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿಕೊಳ್ಳುತ್ತ ತಮ್ಮ ಹೊರಗೆ ಬಂದ. ಕೂದಲು ನರೆತಿತ್ತು. ಮೊದಲು ಕಾರು ನೋಡಿದ, ಆಮೇಲೆ ಅಣ್ಣನನ್ನು ಕಂಡ. ಅಣ್ಣ ಕೆಳಗಿಳಿಯುವ ಮೊದಲೇ ಓಡಿಬಂದು ಬಾಗಿಲು ತೆರೆದ.

"ಅಣ್ಣಾ, ಇದು ನೀನ್ ಕೂಡ್ಸಿದ್ದಾ? ಪಸಂದಾಗೈತಲ್ಲ!" ಎಂದ. ದನಿ ಒಡೆಯಿತು. "ನಿನ್ ಕಿವಿ ಸರಿಯಾಗೇ ಐತೆ. ಅವತ್ತು ನನ್ ಕಿವಿಗೇ ತಪ್ಪಾಗಿ ಕೇಳಿಸಿರ್ಬೇಕು. ಸಾವ್ಕಾರ್ರು ಅವತ್ತು ನಿಜ ಹೇಳಿದ್ರೂ ನಂಬ್ಲಿಲ್ಲ ನಾನು. ಮಾಫ್ ಮಾಡ್ಬುಡು ಅಣ್ಣಾ." ಅಣ್ಣನ ಎರಡೂ ಕೈ ಹಿಡಿದು ತನ್ನ ಕಣ್ಣಿಗೊತ್ತಿಕೊಂಡ.

ಸಾಬರು ಕೈ ಬಿಡಿಸಿಕೊಳ್ಳಲಿಲ್ಲ. ತಲೆಯನ್ನು ಮಾತ್ರ ನನ್ನತ್ತ ತಿರುಗಿಸಿದರು. "ಸಾವ್ಕಾರ್ರು ನಿಂಗೆ ಏನೋ ಹೇಳ್ಬೇಕಂತೆ, ಕೇಳು."

ನಾನು ಕಾರಿನಿಂದಿಳಿದು ಅವರ ಮುಂದೆ ನಿಂತೆ. "ಹಾರ್ನ್ ಕೂಡ್ಸಿದ್ದು ನಾನು ಕಣಪ್ಪ" ಎಂದೆ ಮೆಲ್ಲಗೆ. "ಅವತ್ತು ನೀನ್ ಹೇಳಿದ್ದೇ ನಿಜ. ನಿಮ್ ಅಣ್ಣಂಗೆ ಕಿವಿ ಕೇಳ್ಸಲ್ಲ. ಗೊತ್ತಿದ್ದೂ ಸುಳ್ ಹೇಳ್ದೆ."

ತಮ್ಮ ಕೈ ಸಡಿಲಿಸಿದ. ಸಾಬರು ಒಂದು ಕೈಯನ್ನು ಕಿವಿಯ ಹಿಂದೆ ಹಿಡಿದು ನನ್ನತ್ತ ಬಾಗಿದರು. "ಏನಂದ್ರಿ? ನಂಗ್ ಕೇಳಿಸ್ಲಿಲ್ಲ."

ದನಿ ಏರಿಸಿ ಮತ್ತೆ ಹೇಳಿದೆ. "ಊಹೂಂ" ಎಂದರು. ಅವರಿಗೆ ನಿಜಕ್ಕೂ ಕೇಳಿಸಲಿಲ್ಲವೋ, ಕೇಳಿಸಿಯೂ ಹಾಗೆಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಚಹಾದಂಗಡಿಯ ಬೆಂಚಿನವರು ಲೋಟ ಹಿಡಿದುಕೊಂಡೇ ಇತ್ತ ತಿರುಗಿದರು. ನಾನು ನಡುಬೀದಿಯಲ್ಲಿ ನಿಂತು, ಗಂಟಲು ಹರಿಯುವ ಹಾಗೆ, ಸಾಬ್ರೆ ನಿಮ್ಗೆ ಕಿವಿ ಕೇಳ್ಸಲ್ಲ, ನಿಮ್ ತಮ್ಮ ಹೇಳಿದ್ದೇ ನಿಜ, ನಾನು ಸುಳ್ಳು ಹೇಳ್ದೆ ಎಂದು ಕೂಗಿದೆ.

"ಈಗ್ ಕೇಳಿಸ್ತು" ಎಂದರು. ತಮ್ಮನ ಹೆಗಲ ಮೇಲೆ ಕೈಯಿಟ್ಟುಕೊಂಡು ಅಂಗಡಿಯೊಳಗೆ ಹೋದರು. ನನ್ನನ್ನು ಒಳಕ್ಕೆ ಕರೆಯಲಿಲ್ಲ.